ಲಾರಿ ಹೂತ ಜಾಗದ ನಿಕಲ್

ನಿಕಲ್ ಹುಡುಕುವ ಕಂಪನಿಯ ಬೋರ್ ಲಾರಿ ಕೆರೆ ಪಕ್ಕದ ಕೆಸರಲ್ಲಿ ಹೂತುಕೊಂಡಿತು. ಭೂವಿಜ್ಞಾನಿ ವೆಂಕೋಬರಾಯರು ಗುರುತು ಹಾಕಿದ್ದ ಜಾಗ ಇನ್ನೂ ಅರ್ಧ ಮೈಲಿ ಆಚೆಗಿತ್ತು. ರಾಯರು ಡ್ರೈವರ್ ಹೊನ್ನೂರನನ್ನು ಬಾಯಿಗೆ ಬಂದಂತೆ ಬೈದು, "ನಾಳೆಯಿಂದ ಕೆಲಸಕ್ಕೆ ಬರಬೇಡ" ಅಂದುಬಿಟ್ಟರು. ಲಾರಿ ಮಾತ್ರ ಅಲುಗಲಿಲ್ಲ. ಸುಮ್ಮನೆ ನಿಂತಿರೋದ್ಯಾಕೆ ಅಂತ ಅಲ್ಲೇ ಕೊರೆದರು. ಮೇಲೆ ಬಂದ ಕಲ್ಲಲ್ಲಿ ಭರ್ತಿ ನಿಕಲ್!

ಕಂಪನಿಯ ದೊಡ್ಡ ಸಾಹೇಬರು ಹಾರ ಹಿಡಿದು ಓಡಿ ಬಂದರು. ರಾಯರು ಕತ್ತು ಚಾಚಿದರು. "ಅದೃಷ್ಟ ಗಿದೃಷ್ಟ ಏನಿಲ್ಲ ಸಾರ್. ಇಲ್ಲೇ ಕೊರೀಬೇಕು ಅಂತ ಲೆಕ್ಕ ಹಾಕಿದವನು ನಾನು. ಎಲ್ಲಾ ವಿದ್ಯೆ!"

ಗಂಟು ಕಟ್ಟಿಕೊಂಡು ಹೊರಟಿದ್ದ ಹೊನ್ನೂರ ಕೈಮುಗಿದ. "ಹಂಗಾದ್ರೆ ರಾಯರೇ, ಲಾರಿನ ಸರಿಯಾದ ಜಾಗಕ್ಕೇ ತಂದು ನಿಲ್ಸಿದೀನಲ್ಲ, ನನ್ನನ್ಯಾಕೆ ತೆಗೆದ್ರಿ? ಜಾಗ ತಪ್ಪಿದ್ದೇ ನಿಜ ಅಂದ್ರೆ, ಆ ಹಾರ ನನ್ನ ಲಾರಿಗೆ ಹಾಕ್ಸಿ."

ಚಾಚಿದ ಕತ್ತು ಚಾಚಿದಂತೆಯೇ ಉಳಿಯಿತು. ದೊಡ್ಡ ಸಾಹೇಬರು ಹಾರ ಹಿಡಿದು ಒಮ್ಮೆ ರಾಯರನ್ನು, ಒಮ್ಮೆ ಲಾರಿಯನ್ನು ನೋಡಿದರು. "ಇವನ ಕೆಲಸ ಎಲ್ಲೂ ಹೋಗಿಲ್ಲ ಬಿಡಿ ಸಾರ್" ಅಂತ ರಾಯರು ಗೊಣಗಿದ ಮೇಲೇ ಹಾರ ಅವರ ಕೊರಳಿಗೆ ಬಿದ್ದದ್ದು.

ಮುಂದಿನ ವಾರ ಹೊಸ ಜಾಗ ಹುಡುಕಲು ಹೊರಟಾಗ ರಾಯರು ನಕ್ಷೆ ಮಡಚಿಟ್ಟು, ಲಾರಿ ಹತ್ತಿ ಹೊನ್ನೂರನ ಪಕ್ಕ ಕೂತರು. ಆಮೇಲೆ ಮೆಲ್ಲಗೆ ಕೇಳಿದರು: "ಏನಪ್ಪಾ ಹೊನ್ನೂರ, ಇವತ್ತು ಎಲ್ಲಿ ಹೂತ್ಕೋತೀಯಾ?"