ಕೈ ಎತ್ತದ ಸಂಜೆ

ಗುರುಗಳು ಕಿವಿಯಲ್ಲಿ ಹೇಳುವ ಉಪದೇಶಕ್ಕಾಗಿ ಒಬ್ಬೊಬ್ಬರು ಹನ್ನೆರಡು ವರ್ಷ ಕಾದರು. ನಾನು ಇಪ್ಪತ್ತೊಂದೇ ದಿನಕ್ಕೆ ಪಡೆದೆ. ಜೊತೆಗಿದ್ದ ಮೂವರು ಶಿಷ್ಯರೂ ಈಗಿಲ್ಲ, ಇದ್ದಿದ್ದರೆ ಅವರೇ ಹೇಳುತ್ತಿದ್ದರು.

ಆಶ್ರಮ ಮಲಪ್ರಭೆಯ ದಂಡೆಯಲ್ಲಿತ್ತು. ಅಲ್ಲಿನ ಸೊಳ್ಳೆಗಳನ್ನು ನೀವು ನೋಡಿಲ್ಲ. ಎರಡು ಸೇರಿ ಮಲಗಿದವನ ಕಂಬಳಿ ಎತ್ತುತ್ತಿದ್ದವು, ಮೂರನೆಯದು ಊಟಕ್ಕೆ ಕೂರುತ್ತಿತ್ತು.

ಹೋದ ದಿನವೇ ಉಪದೇಶ ಕೇಳಿದೆ. ಗುರುಗಳು ನಕ್ಕರು.

"ಚನ್ನಮಲ್ಲ, ಒಂದು ಸಂಜೆ ನನ್ನ ಪಕ್ಕ ಕೂತುಕೋ. ಸೊಳ್ಳೆಗೆ ಕೈ ಎತ್ತಬಾರದು. ಅಂದೇ ಕೊಡುತ್ತೇನೆ."

ಇದೇನು ಮಹಾ ಅಂದುಕೊಂಡೆ. ಮೊದಲ ಸಂಜೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡದ್ದು ಆಚೆ ದಡದ ಅಂಬಿಗನಿಗೆ ಕೇಳಿಸಿ, ಯಾರೋ ಚಪ್ಪಾಳೆ ತಟ್ಟಿ ಕರೆದರೆಂದು ಅವನು ದೋಣಿ ತಂದ.

ಸೋತು ಮನೆಗೆ ಹೋಗುವ ಹಾಗೂ ಇರಲಿಲ್ಲ. ಉಪದೇಶ ಇಲ್ಲದೆ ಹೊಸಿಲು ತುಳಿಯುವುದಿಲ್ಲ ಎಂದು ಊರಿಗೆಲ್ಲ ಸಾರಿ ಬಂದಿದ್ದೆ.

ಮೂರನೆಯ ದಿನ ಬೇವಿನೆಣ್ಣೆಗೆ ಲಕ್ಕಿ ಸೊಪ್ಪು ಅರೆದು ಹಾಕಿ, ಅಂಗಾಲಿನಿಂದ ನೆತ್ತಿಯವರೆಗೆ ಬಳಿದುಕೊಂಡೆ. ಸಂಜೆ ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತೆ. ಒಂದು ಸೊಳ್ಳೆಯೂ ಹತ್ತಿರ ಸುಳಿಯಲಿಲ್ಲ. ಪಕ್ಕದಲ್ಲಿ ಮಾತ್ರ ಆಗಾಗ ಚಟ್ ಎಂದಿತು. ಯಾರ ಕೈ ಎಂದು ನೋಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕಣ್ಣು ಬಿಟ್ಟು, ಗೆದ್ದೆ ಅಂದೆ.

ಗುರುಗಳು ಹೊದ್ದ ವಸ್ತ್ರ ಸರಿಸಿ ಬೆನ್ನು ತೋರಿಸಿದರು. ಕಡಿತದ ದದ್ದುಗಳ ನಡುವೆ ಸಾಸಿವೆ ಇಡುವಷ್ಟೂ ಜಾಗ ಉಳಿದಿರಲಿಲ್ಲ.

"ನಿನ್ನ ಪಾಲಿನವೂ ಇಲ್ಲಿಗೇ ಬಂದವು," ಎಂದರು.

ನಾಚಿಕೆಯಾಯಿತು. ಮರುದಿನ ಮೊದಲು ಅವರ ಬೆನ್ನಿಗೆ ಎಣ್ಣೆ ಹಚ್ಚಿದೆ. ಅವರು ಆಶ್ರಮದ ಹಸುವಿನ ಕಡೆ ನೋಡಿದರು. ಅದು ಬಾಲ ಬೀಸಿ ಬೀಸಿ ಸೋತಿತ್ತು. ಅದಕ್ಕೂ ಹಚ್ಚಿದೆ. ಆಮೇಲೆ ಕರುವಿಗೆ, ನಾಯಿಗೆ, ಮೂವರು ಶಿಷ್ಯರಿಗೆ, ಅಂಬಿಗನ ಮನೆಮಂದಿಗೆ. ಸುದ್ದಿ ಕೇಳಿ ನದಿಯ ಮೊಸಳೆಯೊಂದು ತಾನಾಗಿಯೇ ಬಂದು ಬೆನ್ನು ಕೊಟ್ಟಿತು. ಅದರ ಬಾಲದ ಹತ್ತಿರ ಎಣ್ಣೆ ಮುಗಿಯಿತು.

"ಇನ್ನು ಯಾರಿಗೆ, ಗುರುಗಳೇ?"

ಅವರು ನನ್ನ ಕೈ ಹಿಡಿದು ಬಚ್ಚಲ ಹಿಂದಕ್ಕೆ ಕರೆದೊಯ್ದರು. ನಾವೇ ಮಿಂದ ನೀರು ಅಲ್ಲಿ ಹೊಂಡವಾಗಿ ನಿಂತಿತ್ತು. ಬೊಗಸೆಯಲ್ಲಿ ಎತ್ತಿದರು. ಎಳೆಯಷ್ಟು ಸಣ್ಣ ಹುಳುಗಳು ಕುಣಿಯುತ್ತಿದ್ದವು.

"ಇವಕ್ಕೆ ಇನ್ನೂ ರೆಕ್ಕೆ ಬಂದಿಲ್ಲ," ಎಂದರು.

ಅಂದಿನಿಂದ ಬೇವಿನ ಬೀಜ ಕುಟ್ಟುವುದೇ ಕೆಲಸ. ಕುಟ್ಟಿದ್ದನ್ನು ನೀರಲ್ಲಿ ಕಲಸಿ ಹೊಂಡಕ್ಕೆ ಸುರಿದೆ, ದಂಡೆಯ ಗುಂಡಿಗಳಿಗೆಲ್ಲ ಸುರಿದೆ. ಹಾರುತ್ತಿದ್ದವಕ್ಕೆ ವಯಸ್ಸಾಯಿತು. ಹೊಸವು ಹುಟ್ಟಲಿಲ್ಲ.

ಇಪ್ಪತ್ತೊಂದನೆಯ ಸಂಜೆ ಇಬ್ಬರೂ ಕೂತೆವು. ನದಿಯ ಸದ್ದು ಮೊದಲ ಸಲ ಕೇಳಿಸಿತು. ಹಸುವಿನ ಬಾಲ ಅಲ್ಲಾಡಲಿಲ್ಲ. ನನ್ನ ಕೈ ತೊಡೆಯ ಮೇಲೇ ಇತ್ತು. ಗುರುಗಳು ಬಾಗಿ ನನ್ನ ಕಿವಿಯಲ್ಲಿ ಉಪದೇಶ ಹೇಳಿದರು.

ಮೊನ್ನೆ ಇದನ್ನು ಹೇಳುವಾಗ, ನಮ್ಮೂರಲ್ಲಿ ಬೇವಿನೆಣ್ಣೆ ತೆಗೆಯುವ ನೀಲವ್ವ ಕೇಳುತ್ತ ಕೂತಿದ್ದಳು. ಮೊಸಳೆಯನ್ನು ಬೇಕಾದರೆ ನಂಬುತ್ತೇನೆ ಎಂದಳು.

"ಆದರೆ ದೊಡ್ಡಪ್ಪ, ಸೊಳ್ಳೆಯೇ ಇಲ್ಲದ ಮೇಲೆ ಕೈ ಎತ್ತದೆ ಕೂತದ್ದೇನು ದೊಡ್ಡದು? ನೀನು ಗೆದ್ದದ್ದಾದರೂ ಎಲ್ಲಿ?"

ನಾನು ಭುಜ ಕುಣಿಸಿದೆ. ಅವತ್ತು ನಾನೂ ಇದನ್ನೇ ಕೇಳಿದ್ದೆ. ಗುರುಗಳೂ ಹೀಗೇ ಭುಜ ಕುಣಿಸಿದ್ದರು.

"ಯಾರಿಗೂ ಹೇಳಬೇಡ, ಚನ್ನಮಲ್ಲ," ಅಂದಿದ್ದರು. "ನಾನೂ ಇವತ್ತೇ ಗೆದ್ದದ್ದು."