ಶ್ರೀ ಕಣ್ಣಿಬಂಡೆಯ ದೊಣೆಯಲ್ಲಿ ನೀರು ಹುಟ್ಟಿದ ವೃತ್ತಾಂತ

ದ್ವಾಪರಯುಗವು ಅಸ್ತಮಿಸಿ ಕಲಿಪುರುಷನು ಇನ್ನೂ ಹೊಸ್ತಿಲಲ್ಲಿ ನಿಂತಿದ್ದ ಸಂಧಿಕಾಲದಲ್ಲಿ (ತಿಥಿವಾರ ಕೇಳಬೇಡಿ ಭಕ್ತಮಹಾಶಯರೇ, ಹುಡುಕಿ ಹುಡುಕಿ ಸಾಕಾಯಿತು), ತೃಣಸಮೃದ್ಧವಾದ ಈ ಗಿರಿಪ್ರಾಂತದಲ್ಲಿ ಚಿತ್ತಯ್ಯನೆಂಬ ಗೋಪಾಲಕನು ವೃದ್ಧಮಾತೆ ಕಾಟವ್ವನೊಡನೆ ವಾಸಿಸುತ್ತಿದ್ದನು.

ಜರಾಭಾರದಿಂದ ನೆನಪು ತಪ್ಪಿದ್ದ ಆ ತಾಯಿಯು ಎಂದೋ ಸತ್ತ ಹಸುವನ್ನು ಅರಸುತ್ತ ಬೆಟ್ಟ ಹತ್ತಿಬಿಡುವಳು. ಮೂರು ಸಲ ಮಗನು ಹೆಗಲ ಮೇಲೆ ಹೊತ್ತು ತಂದನು. ಇದ್ದದ್ದನ್ನು ಹೇಳಬೇಕು, ಅವನು ಕೆಟ್ಟವನಲ್ಲ, ದಣಿದವನು. ನಾಲ್ಕನೆಯ ಸಲ ಕರು ಕಟ್ಟುವ ಕಣ್ಣಿಯನ್ನೇ ಆಕೆಯ ನಡುವಿಗೆ ಬಿಗಿದು ಹಟ್ಟಿಯ ಪಕ್ಕದ ಈ ಬಂಡೆಗೆ ಕಟ್ಟಿದನು. ಬಲ್ಲವರು ಬಲ್ಲರು, ಕರುವಿನ ಹಗ್ಗ ಬಲು ಗಿಡ್ಡ: ಕೆಚ್ಚಲು ಕಾಣಬೇಕು, ಬಾಯಿಗೆ ಸಿಗಬಾರದು. ನೀರಿನ ಗಡಿಗೆಯನ್ನು ಚೆಲ್ಲಿಯಾಳೆಂದು, ಆ ಅಳತೆಗೇ ಪಳಗಿದ್ದ ಕೈಯಿಂದ ಅದನ್ನೂ ನಿಲುಕಿನಾಚೆಗೆ ಇಟ್ಟನು. ಬೆಳಗ್ಗೆ, ಸಂಜೆ ತಾನೇ ಕುಡಿಸುವನು.

"ಲೇ ಚಿತ್ತ, ನಾನೇನು ಕರಾನೇನೋ? ಇದ್ದಬದ್ದ ಹಾಲೆಲ್ಲ ಚೀಪಿಬಿಡ್ತೀನಾ?" ಎಂದು ಆಕೆ ನಗುವಳು.

"ಸುಮ್ನೆ ಕುಂದ್ರವ್ವ. ಬಿಟ್ರೆ ಬೆಟ್ಟ ಹತ್ತೀಯ, ಕೊಟ್ರೆ ನೀರು ಚೆಲ್ತೀಯ."

ನೆರೆಹಟ್ಟಿಯ ಮುದುಕಿಯೊಬ್ಬಳು, "ಒಂದು ಮೊಳ ಉದ್ದ ಬಿಡೋ ಮಗಾ" ಎಂದಳಂತೆ. "ಹಂಗಾದ್ರೆ ನೀನೇ ಕರ್ಕೊಂಡ್ಹೋಗಿ ಸಾಕು ದೊಡ್ಡವ್ವ" ಎಂದದ್ದೇ ತಡ, ಆಕೆ ಸೆರಗು ಕೊಡವಿ ನಡೆದಳು.

ಹೀಗಿರಲಾಗಿ ಒಂದು ಉರಿಬೇಸಗೆಯಲ್ಲಿ, ದೂರದ ಹುಲ್ಲುಗಾವಲಿನಲ್ಲಿ ಹಸುವೊಂದು ಈಯಲಾರದೆ ಒದ್ದಾಡಿದ್ದರಿಂದ ಚಿತ್ತಯ್ಯನು ಹಿಂಡಿನೊಡನೆ ಅಲ್ಲಿಯೇ ಉಳಿದು ಮರುದಿನ ಮಧ್ಯಾಹ್ನಕ್ಕೆ ಮರಳಿದನು. ಹಟ್ಟಿಯಲ್ಲಿದ್ದ ಕರು ಹಸಿದು ಅರಚುತ್ತಿತ್ತು. ಮೊದಲು ಅದರ ಕಣ್ಣಿ ಬಿಚ್ಚಿದನು. ಅದು ಹಾಲು ಹೀರುವುದನ್ನು ಕಣ್ತುಂಬ ನೋಡಿದನು. ಆಮೇಲೆ ತಾಯಿಯ ಕಡೆ ತಿರುಗಿದನು.

ಕಾಟವ್ವ ಬೋರಲು ಬಿದ್ದಿದ್ದಳು. ಚಾಚಿದ ಬೆರಳಿಗೂ ತುಂಬಿದ ಗಡಿಗೆಗೂ ನಡುವೆ ಒಂದು ಗೇಣು.

ಅವನು ಗಡಿಗೆಯನ್ನೆತ್ತಿ ಆ ಒಣಗಿದ ತುಟಿಗಳಿಗೆ ಎರೆದನು. ನೀರು ಕಟವಾಯಿಯಿಂದ ಇಳಿದು ಮಣ್ಣಿಗೆ ಹೋಯಿತು. ಬಂಡೆಗೆ ಹಣೆ ಚಚ್ಚಿಕೊಂಡು, "ಶಿವನೇ, ನನ್ನವ್ವ ಒಂದು ಗುಟುಕು ಕುಡೀಲಿ, ಒಂದೇ ಒಂದು" ಎಂದು ಗೋಳಿಡಲು, ಶಿಲಾಗರ್ಭದಿಂದ ಅಶರೀರವಾಣಿಯಾಯಿತು: "ಎಲೈ ಗೋಪಾಲಕನೇ, ಗಂಗೆಯು ನನ್ನ ಜಟೆಯಲ್ಲಿದ್ದಾಳೆ, ನೀರನ್ನು ಬೇಡಿದಷ್ಟು ಕೊಡಬಲ್ಲೆ. ಕುಡಿಯುವವಳನ್ನು ಕೊಡಲಾರೆ."

ಆ ಕ್ಷಣವೇ ಬಂಡೆ ಸೀಳಿ ನೀರು ಚಿಮ್ಮಿತು. ಅಂದು ಬಂಡೆಯ ಕುಳಿ ತುಂಬಿ ಆದ ಈ ದೊಣೆ ಇಂದಿಗೂ ಬತ್ತಿಲ್ಲ. ಬಂಡೆಯ ನಡುವಿನ ಹಗ್ಗದ ಸವಕಲನ್ನು ತಾವು ಬೆರಳಿಟ್ಟು ನೋಡಬಹುದು.

ವೈಶಾಖದ ಅಮಾವಾಸ್ಯೆಯಂದು ಇಲ್ಲಿ ಯಾರೂ ತಾವಾಗಿ ತೀರ್ಥ ಕುಡಿಯುವಂತಿಲ್ಲ. ಮೊದಲು ಮನೆಯ ಹಿರಿಯರಿಗೆ ಬೊಗಸೆಯಿಂದ ಕುಡಿಸಬೇಕು. ಹಿರಿಯರನ್ನು ಕಳೆದುಕೊಂಡವರು ಸಾಲಿನ ಕೊನೆಗೆ ನಿಂತು, ತಮ್ಮ ಬೊಗಸೆಯನ್ನು ಬಂಡೆಗೇ ಎರೆಯುತ್ತಾರೆ. ವರ್ಷವರ್ಷವೂ ನೋಡುತ್ತಿದ್ದೇನೆ, ಆ ಸಾಲೇ ಉದ್ದ. ಬಂಡೆ ಒಂದು ಹನಿಯನ್ನೂ ಹೀರುವುದಿಲ್ಲ.