ಪುಟ್ಟಮಲ್ಲಮ್ಮ ಆರಿಸಿದ ಲಿನಕ್ಸ್

ಬನ್ನಿ, ಎಲೆಅಡಿಕೆ ಆಮೇಲೆ ಹಾಕ್ಕೊಳ್ಳೋಣ, ಮೊದಲು ಕೂತು ಇದನ್ನು ಕೇಳಿ.

ನಮ್ಮೂರ ಗ್ರಂಥಾಲಯದ ಹಳೇ ಕಂಪ್ಯೂಟರನ್ನು ನಡೆಸೋಕೆ ಹೊಸದೊಂದು ವ್ಯವಸ್ಥೆ ಬೇಕಿತ್ತು. ಲಿನಕ್ಸ್ ಅಂತ ಪುಕ್ಕಟೆ ಸಿಗತ್ತಂತೆ. ಆದರೆ ಅದರಲ್ಲೇ ನೂರಾರು ಬಗೆಯಂತೆ! ಪಂಚಾಯ್ತಿ ಅಧ್ಯಕ್ಷ ಶಿವನಂಜಪ್ಪ ಗ್ರಂಥಾಲಯದ ಹುಡುಗಿಯನ್ನು ಕರೆದು, "ಎಲ್ಲಕ್ಕಿಂತ ಸುಲಭದ್ದು ಹಾಕು. ಒಬ್ಬರು ಗೊಣಗಿದರೂ ನಿನ್ನ ಕೆಲಸ ಹೋಯ್ತು" ಅಂದ. ಅವಳ ತಲೆ ಗಿರ್ರಂತು.

ಕೊನೆಗೆ ಮೂರನ್ನು ಪೆನ್‌ಡ್ರೈವಿಗೆ ಹಾಕಿಕೊಂಡಳು. ಪೇಪರ್ ಓದೋಕೆ ಬರೋ ಅಧ್ಯಕ್ಷನ ತಾಯಿ ಪುಟ್ಟಮಲ್ಲಮ್ಮನಿಗಾಗಿ ಬೇಕಂತಲೇ ಕಾದಳು.

"ಅವ್ವಾ, ಇದರಲ್ಲಿ ಪೇಪರ್ ತೆಗೀರಿ ನೋಡೋಣ."

ಮೊದಲನೇದು ಬರೀ ಕಪ್ಪು ಪರದೆ. "ಕರೆಂಟ್ ಹೋಯ್ತಲ್ಲೇ!" ಅಂದಳು ಮುದುಕಿ. ಎರಡನೇದರ ತುಂಬ ಬಣ್ಣದ ಗುಂಡಿಗಳು. "ಇದೇನೇ, ಬಳೆ ಅಂಗಡಿ!" ಮೂರನೇದು ಕನ್ನಡದಲ್ಲೇ ಇತ್ತು. ತಾನೇ ಒತ್ತಿದಳು, ಪೇಪರ್ ತೆಗೆದಳು, ಓದ್ತಾ ಕೂತುಬಿಟ್ಟಳು. ಹುಡುಗಿ ಅದನ್ನೇ ಹಾಕಿಬಿಟ್ಟಳು.

ಅಧ್ಯಕ್ಷ ಬಂದ. "ನನ್ನ ಕೇಳದೆ ಆರಿಸಿದ್ದು ಯಾರು? ತೆಗಿ!"

ಅವ್ವ ಕನ್ನಡಕದ ಮೇಲಿಂದ ನೋಡಿದಳು. "ನಾನು ಕಣ್ಲಾ. ಏನೀಗ?"

"ಏನಿಲ್ಲವ್ವ... ಚೆನ್ನಾಗದೆ."

ಹುಡುಗಿಗೆ ಹೋದ ಜೀವ ಬಂದಂಗಾಯ್ತು. ಕೆಲಸ ಉಳೀತು. ಪುಟ್ಟಮಲ್ಲಮ್ಮ ದಿನಾ ಅಲ್ಲೇ ಪೇಪರ್ ಓದ್ತಾಳೆ. ಶಿವನಂಜಪ್ಪನೋ, ಅವ್ವನ ಪಕ್ಕ ಕೂತು, ಬೈಸಿಕೊಂಡು, ಕಂಪ್ಯೂಟರ್ ಕಲೀತಾ ಇದ್ದಾನೆ.